ಕಾಲ್ಬೆರಳ ಬುಡದ ನೋವು: ಎಲ್ಲವೂ ‘ವಾಯು’ ಅಲ್ಲ

ಲಗ್ಗೆರೆ, ಪೀಣ್ಯ ಸುತ್ತಮುತ್ತ ದಿನವಿಡೀ ನಿಂತೇ ದುಡಿಯುವವರು ಬಹಳ. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್, ಇಸ್ತ್ರಿ ಮಾಡುವವರು, ಲೇತ್ ಮುಂದೆ ನಿಲ್ಲುವವರು, ಮನೆಗೆಲಸಕ್ಕೆ ಹೋಗುವ ಹೆಂಗಸರು. ಕಾಲ್ಬೆರಳ ಬುಡದಲ್ಲಿ ನೋವು, ಊತ ಎಂದು ಬರುವವರಲ್ಲಿ ಹೆಚ್ಚಿನವರು ‘ವಾಯು’, ‘ಉಳುಕು’ ಎಂದು ತಾವೇ ತೀರ್ಮಾನಿಸಿ, ವಾರಗಟ್ಟಲೆ ನೋವಿನ ಮಾತ್ರೆ ನುಂಗಿರುತ್ತಾರೆ. ಆದರೆ ಈ ನೋವಿಗೆ ಕಾರಣ ಒಂದೇ ಅಲ್ಲ. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ.

ನಿಖ್ರಿಸ್ ಅಥವಾ ಗೌಟ್

ರಾತ್ರಿ ಚೆನ್ನಾಗಿಯೇ ಮಲಗಿದವರಿಗೆ ನಡುರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಸಹಿಸಲಾಗದ ನೋವು ಬಂದರೆ ಅದು ಬಹುಮಟ್ಟಿಗೆ ಗೌಟ್. ಯುನಾನಿಯಲ್ಲಿ ಇದನ್ನು ನಿಖ್ರಿಸ್ ಎನ್ನುತ್ತೇವೆ. ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ 6.8 ಮಿ.ಗ್ರಾಂ ದಾಟಿದರೆ ಅದು ಹರಳುಗಟ್ಟಿ ಕೀಲಿನಲ್ಲಿ ಕೂರಬಲ್ಲದು. ಗಂಡಸರಲ್ಲಿ ಇದು ಹೆಚ್ಚು. ಹೆಂಗಸರಲ್ಲಿ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಕಾಣಿಸುತ್ತದೆ. ನೋವು ಜೋರಾಗಿರುವಾಗ ರಕ್ತಪರೀಕ್ಷೆ ಸರಿಯಾಗಿಯೇ ಬರಬಹುದು. ಆದ್ದರಿಂದ ನೋವು ಇಳಿದು ಎರಡು ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳೂ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ.

ಬೇರೆ ಕಾರಣಗಳು

ಎರಡೂ ಪಾದಗಳ ಬೆರಳ ಬುಡ ಊದಿ, ಬೆಳಗ್ಗೆ ಎದ್ದಾಗ ಒಂದು ಗಂಟೆಗೂ ಹೆಚ್ಚು ಬಿಗಿತವಿದ್ದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಆಗಬೇಕು. ತಡಮಾಡಿದರೆ ಕೀಲು ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ಊತವಿಲ್ಲದೆ ಅಂಗಾಲಿನ ಮುಂಭಾಗ ಮಾತ್ರ ನೋಯುತ್ತಿದ್ದರೆ ಗಟ್ಟಿ ನೆಲ, ತೆಳು ಚಪ್ಪಲಿ, ಬಿಗಿ ಶೂ ಕಾರಣವಿರಬಹುದು. ಮೂರನೇ ಮತ್ತು ನಾಲ್ಕನೇ ಬೆರಳ ನಡುವೆ ಉರಿ, ಜೋಮು ಇದ್ದರೆ ಅಲ್ಲಿನ ನರ ಒತ್ತಲ್ಪಟ್ಟಿರಬಹುದು.

ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಗಮನಿಸಿ. ಪಾದ ಬಿಸಿಯಾಗಿ ಊದಿದ್ದು, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ ಒಳಗೆ ಮೂಳೆಯೇ ಕುಸಿಯುತ್ತಿರಬಹುದು. ಆ ಕಾಲ ಮೇಲೆ ಭಾರ ಹಾಕದೆ ಅಂದೇ ಆಸ್ಪತ್ರೆಗೆ ಹೋಗಿ. ಯಾರಿಗೇ ಆಗಲಿ, ಊತದ ಜೊತೆ ಜ್ವರ, ಕೀವು, ಬೆರಳು ಕಪ್ಪಾಗುವುದು ಕಂಡರೂ ಹಾಗೆಯೇ.

ಚಿಕಿತ್ಸೆ

ಗೌಟ್ ನೋವು ಕಾಣಿಸಿದಾಗ ಕಾಲನ್ನು ದಿಂಬಿನ ಮೇಲಿಟ್ಟು ವಿಶ್ರಾಂತಿ ಕೊಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15-20 ನಿಮಿಷ ಇಡಬಹುದು. ಆದರೆ ಸ್ಪರ್ಶಜ್ಞಾನ ಕಡಿಮೆಯಿರುವ ಸಕ್ಕರೆ ಕಾಯಿಲೆಯವರಿಗೆ ಐಸೂ ಬೇಡ, ಬಿಸಿ ಶಾಖವೂ ಬೇಡ. ಕೆಂಪಗೆ ಊದಿದ ಕೀಲನ್ನು ಯಾರೂ ತಿಕ್ಕಬಾರದು, ಅದರ ಮೇಲೆ ಹಿಜಾಮ ಮಾಡಿಸಬಾರದು.

ಯುನಾನಿಯಲ್ಲಿ ನಿಖ್ರಿಸ್‌ಗೆ ಹೆಸರಾದ ಔಷಧಿ ಸೂರಂಜಾನ್. ಇಬ್ನ್ ಸೀನಾ ಕೂಡ ‘ಅಲ್ ಖಾನೂನ್’ನಲ್ಲಿ ಇದನ್ನು ಹೇಳಿದ್ದಾರೆ. ಇದೇ ಜಾತಿಯ ಗಿಡದಿಂದ 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವಂತು ಬೇರ್ಪಡಿಸಿದ ಸತ್ವದಿಂದಲೇ ಇಂದಿನ ಕೋಲ್ಚಿಸಿನ್ ಮಾತ್ರೆ ಬಂದಿದೆ. ಅಂದರೆ ‘ಗಿಡಮೂಲಿಕೆ, ಏನೂ ಆಗಲ್ಲ’ ಎಂಬ ಮಾತು ಇಲ್ಲಿ ಅಪಾಯಕಾರಿ. ಪ್ರಮಾಣ ಮೀರಿದರೆ ವಾಂತಿ, ಭೇದಿ ಶುರುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಕೋಲ್ಚಿಸಿನ್ ಸೇವಿಸುತ್ತಿರುವವರು ಅಂಗಡಿಯಿಂದ ಸೂರಂಜಾನ್ ತಂದು ತಾವೇ ತಿನ್ನಬಾರದು. ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ. ಅಲ್ಲಿ ತೋರಿಸಿಕೊಳ್ಳಬಹುದು. ಪದೇ ಪದೇ ಗೌಟ್ ಬರುವವರು ಯೂರಿಕ್ ಆಮ್ಲ 6ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಬೇಕು. ಇದಕ್ಕೆ ಅಲೋಪತಿ ಮಾತ್ರೆ ಬೇಕಾದರೆ ಹಿಂಜರಿಕೆ ಬೇಡ.

ಊಟ ಮತ್ತು ದಿನಚರಿ

ಗೌಟ್ ಇರುವವರು ಕಲೇಜಿ, ಗುರ್ದಾ, ಭೇಜಾ ಬಿಡಬೇಕು. ಬಕ್ರೀದ್ ವಾರದಲ್ಲಿ ಮೂರು ಹೊತ್ತೂ ಮಾಂಸ ಬೇಡ. ಭೂತಾಯಿ ಮೀನು, ಸಿಹಿ ಕೂಲ್‌ಡ್ರಿಂಕ್ಸ್ ಕೂಡ ಕಡಿಮೆ ಮಾಡಿ. ಮೊಟ್ಟೆ, ಕೆನೆ ತೆಗೆದ ಹಾಲು, ಮಜ್ಜಿಗೆ, ತರಕಾರಿಗೆ ಅಡ್ಡಿಯಿಲ್ಲ. ರಮಝಾನಿನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪಸ್ವಲ್ಪವಾಗಿ ಸಾಕಷ್ಟು ನೀರು ಕುಡಿಯಿರಿ.

ನಮಾಜಿನಲ್ಲಿ ಕೂರುವಾಗ ಮಡಚಿದ ಬಲಗಾಲ ಬೆರಳುಗಳ ಮೇಲೆ ಒತ್ತಡ ಬೀಳುತ್ತದೆ. ನೋವಿರುವಷ್ಟು ದಿನ ಕುಳಿತು ನಿರ್ವಹಿಸುವ ರಿಯಾಯಿತಿ ರೋಗಿಗಳಿಗೆ ಇದ್ದೇ ಇದೆ. ಹಠ ಮಾಡಿ ಕೀಲನ್ನು ಕೆಡಿಸಿಕೊಳ್ಳಬೇಡಿ. ವುಝೂ ಮಾಡುವಾಗ ಕಾಲು ತೊಳೆಯುವ ಆ ಗಳಿಗೆಯೇ ಪಾದ ಪರೀಕ್ಷಿಸಲು ಸರಿಯಾದ ಸಮಯ. ಬೆರಳ ಸಂದುಗಳನ್ನು ನೋಡಿ, ಅಂಗಾಲು ಮುಟ್ಟಿ, ನಂತರ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಊತ, ಗಾಯ, ಬಿಸಿ ಯಾವುದಿದ್ದರೂ ಅಂದೇ ತಿಳಿಯುತ್ತದೆ.