ಮನೆಗೆ ಬಂದ ಪರಮಾಣು ಗಡಿಯಾರ

ಗಡಿಯಾರ ಕೆಟ್ಟರೆ ರಿಪೇರಿ ಅಂಗಡಿಗೆ ಕೊಂಡೊಯ್ಯುವುದು ಲೋಕರೂಢಿ. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನಿನ ಮುಚ್ಚಳ ತೆರೆದು, ಸ್ಪ್ರಿಂಗು ತುಂಡಾಗಿದೆಯೊ ಧೂಳು ಕುಳಿತಿದೆಯೊ ಎಂಬುದನ್ನು ಒಂದೇ ನೋಟದಲ್ಲಿ ಹೇಳಿಬಿಡುತ್ತಾನೆ. ಆದರೆ ಸುಮಾರು ಮೂವತ್ತು ಕಿಲೋ ತೂಗುವ, ಸುಸ್ಥಿತಿಯಲ್ಲಿದ್ದಾಗ ಮೂರು ಸಾವಿರ ವರ್ಷಗಳಲ್ಲಿ ಒಂದು ಸೆಕೆಂಡಿನಷ್ಟು ಮಾತ್ರ ತಪ್ಪಬಹುದಾಗಿದ್ದ ಗಡಿಯಾರವೊಂದು ಕೆಟ್ಟು ಮನೆಯ ಮೇಜಿನ ಮೇಲೆ ಕುಳಿತರೆ ಅದನ್ನು ಯಾರ ಬಳಿಗೆ ಒಯ್ಯಬೇಕು?

ಇದು ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಹಳೆಯ ಸೀಸಿಯಂ ಗಡಿಯಾರಗಳನ್ನು ಹರಾಜಿನಲ್ಲಿ ಕೊಂಡು, ಮನೆಯಲ್ಲಿಯೇ ರಿಪೇರಿ ಮಾಡುವ ಹವ್ಯಾಸಿಗಳಿದ್ದಾರೆ. ಅಂಚೆ ಚೀಟಿ ಸಂಗ್ರಹಿಸುವವರಿಗಿಂತ ಅವರ ಸಂಖ್ಯೆ ಬಹಳ ಕಡಿಮೆ. ಪಡುವ ಪಾಡು ಮಾತ್ರ ಬಹಳ ಹೆಚ್ಚು.

1955ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಎಂಬ ವಿಜ್ಞಾನಿಗಳು ಬಳಕೆಗೆ ಒದಗುವ ಮೊದಲ ಸೀಸಿಯಂ ಗಡಿಯಾರವನ್ನು ನಡೆಸಿದರು. ಅದು ಕೋಣೆಯನ್ನೇ ಆಕ್ರಮಿಸಿದ ಯಂತ್ರ. 1964ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ 5060ಎ ಎಂಬ, ಇಬ್ಬರು ಎತ್ತಿ ಸಾಗಿಸಬಹುದಾದ ಪೆಟ್ಟಿಗೆಯನ್ನು ಹೊರತಂದಿತು. ಅದರ ಬೆನ್ನಿಗೇ 5061ಎ ಬಂದಿತು. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಬದಲಾಯಿತು. ಅಲ್ಲಿಯವರೆಗೆ ಭೂಮಿಯ ಚಲನೆಯನ್ನು ಆಶ್ರಯಿಸಿದ್ದ ಸೆಕೆಂಡು, ಅಂದಿನಿಂದ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳ ಅವಧಿಯಾಯಿತು. ವೀಕ್ಷಣಾಲಯಗಳು, ನೌಕಾಪಡೆಗಳು, ಟೆಲಿಫೋನ್ ಸಂಸ್ಥೆಗಳು ಈ ಪೆಟ್ಟಿಗೆಗಳನ್ನು ಕೊಂಡವು. ಹೊಸವು ಬಂದ ಮೇಲೆ ಹಳೆಯವು ಗುಜರಿಗೆ ಹೋದವು. ಹವ್ಯಾಸಿಯ ಮನೆಗೆ ಬರುವುದು ಇವೇ.

ಸೀಸಿಯಂ ಎಂದೊಡನೆ ಮನೆಯವರು ಬೆಚ್ಚಬೇಕಾಗಿಲ್ಲ. ಈ ಗಡಿಯಾರದಲ್ಲಿರುವುದು ಸೀಸಿಯಂ 133. ಅದು ವಿಕಿರಣ ಸೂಸುವುದಿಲ್ಲ. ಸುಮಾರು ಇಪ್ಪತ್ತೆಂಟೂವರೆ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವ ಮೃದು ಲೋಹವದು. ನಮ್ಮ ರಾಯಚೂರಿನ ಬೇಸಗೆಯಲ್ಲಾದರೆ ನೀರಾಗಿಯೇ ಇರುತ್ತಿತ್ತು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಗುಣವಿರುವುದರಿಂದ ಅದನ್ನು ನಿರ್ವಾತ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿರುತ್ತಾರೆ. ಈ ಕೊಳವೆಯೇ ಗಡಿಯಾರದ ಪ್ರಾಣ.

ಕೊಳವೆಯ ಒಂದು ತುದಿಯಲ್ಲಿ ಪುಟ್ಟ ಒಲೆ. ಅದು ಕಾದಾಗ ಸೀಸಿಯಂ ಆವಿಯಾಗಿ, ಪರಮಾಣುಗಳು ಸಾಲುಗೊಂಡು ಹೊರಡುತ್ತವೆ. ದಾರಿಯಲ್ಲಿ ಅಯಸ್ಕಾಂತವೊಂದು ದ್ವಾರಪಾಲಕನಂತೆ ನಿಂತು, ಬೇಕಾದ ಸ್ಥಿತಿಯಲ್ಲಿರುವ ಪರಮಾಣುಗಳನ್ನಷ್ಟೇ ಒಳಗೆ ಬಿಡುತ್ತದೆ. ಮುಂದೆ ಅವು ಸೂಕ್ಷ್ಮತರಂಗಗಳ ನಡುವೆ ಹಾಯಬೇಕು. ತರಂಗದ ಕಂಪನ ಸೀಸಿಯಮ್ಮಿನ ಸ್ವಂತ ಕಂಪನಕ್ಕೆ ಸರಿಹೊಂದಿದರೆ ಪರಮಾಣುಗಳ ಸ್ಥಿತಿ ಬದಲಾಗುತ್ತದೆ. ಬದಲಾದವನ್ನು ಇನ್ನೊಂದು ಅಯಸ್ಕಾಂತ ಆಯ್ದು, ಕಾಯಿಸಿದ ಲೋಹದ ಪಟ್ಟಿಯತ್ತ ಕಳಿಸುತ್ತದೆ. ಅಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ ಪ್ರವಾಹವನ್ನು ಅನೇಕ ಪಟ್ಟು ಹಿಗ್ಗಿಸಿ ನೋಡುತ್ತಾರೆ. ಪ್ರವಾಹ ಹೆಚ್ಚಿದಷ್ಟೂ ಕಂಪನ ಸರಿಯಾಗಿದೆಯೆಂದು ಅರ್ಥ. ತರಂಗ ಹುಟ್ಟುವುದು ಸೆಕೆಂಡಿಗೆ ಐವತ್ತು ಲಕ್ಷ ಸಲ ಮಿಡಿಯುವ ಒಂದು ಸ್ಫಟಿಕದ ತುಣುಕಿನಿಂದ. ಕಾಲವನ್ನು ಎಣಿಸುವುದು ಆ ಸ್ಫಟಿಕವೇ. ಸೀಸಿಯಂ ಅದರ ಕಿವಿ ಹಿಂಡುವ ಮೇಷ್ಟರು, ಅಷ್ಟೆ.

ಇಂಥ ಯಂತ್ರ ಮನೆಗೆ ಬಂದೊಡನೆ ಯಾರಿಗಾದರೂ ಸ್ವಿಚ್ಚು ಒತ್ತಿ ನೋಡುವ ಆಸೆಯಾಗುವುದು ಸಹಜ. ಆ ಆಸೆಯೇ ಗಡಿಯಾರಕ್ಕೆ ಮೃತ್ಯು. ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದ ಕೊಳವೆಯೊಳಗೆ ಅನಿಲ ಸೇರಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಒಲೆಯನ್ನೂ ಲೋಹದ ಪಟ್ಟಿಯನ್ನೂ ಕಾಯಿಸಿದರೆ ಉಳಿದಿದ್ದ ಜೀವವೂ ಹೋದೀತು. ಅನಿಲವನ್ನು ಹೀರಲೆಂದು ಕೊಳವೆಗೆ ಅಯಾನು ಪಂಪು ಜೋಡಿಸಿರುತ್ತಾರೆ; ಅದಕ್ಕೆ ಮೂರು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಬೇಕು. ಬಲ್ಲವರು ಮೊದಲು ಪಂಪಿಗೆ ಮಾತ್ರ, ಪ್ರವಾಹ ಮಿತಿ ಮೀರದಂತೆ ಕಟ್ಟುಮಾಡಿ, ಹೊರಗಿನಿಂದ ವಿದ್ಯುತ್ ಕೊಟ್ಟು ಕಾಯುತ್ತಾರೆ. ಪಂಪಿನ ಪ್ರವಾಹವೇ ಒಳಗಿನ ಅನಿಲದ ಅಳತೆ. ಅದು ಗಂಟೆಗಳಲ್ಲಿ ಇಳಿಯಬಹುದು, ದಿನಗಳೇ ಹಿಡಿಯಬಹುದು. ಇಳಿಯದೆ ಹೋದರೆ ಕೊಳವೆ ಬಿರುಕು ಬಿಟ್ಟಿದೆಯೆಂದು ತಿಳಿದು ಕೈತೊಳೆದುಕೊಳ್ಳಬೇಕು. ಈ ಒತ್ತಡ ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಪುಸ್ತಕ ಓದಿದ ಧೈರ್ಯ ಮಾತ್ರ ಇಲ್ಲಿ ಸಾಲದು.

ಪ್ರವಾಹ ಇಳಿದ ಮೇಲೆ ಒಲೆಯ ಸರದಿ. ಇಲ್ಲಿಂದ ಮುಂದೆ ರಿಪೇರಿಯವನು ವೈದ್ಯನಾಗುತ್ತಾನೆ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಮೀಟರು, ಪಕ್ಕದಲ್ಲಿ ತಿರುಗಿಸುವ ಗುಂಡಿ. ಒಂದೊಂದು ನೆಲೆಯಲ್ಲಿ ಒಂದೊಂದು ಅಂಗದ ನಾಡಿ ಸಿಗುತ್ತದೆ: ಒಲೆ, ಪಂಪು, ಸ್ಫಟಿಕ, ಪರಮಾಣು ಧಾರೆ. ಒಲೆ ಕಾದಿದೆ, ಆದರೂ ಧಾರೆಯ ಮುಳ್ಳು ಅಲುಗುವುದಿಲ್ಲ ಎನ್ನೋಣ. ಸೀಸಿಯಂ ಮುಗಿಯಿತೆಂದು ಕೈಚೆಲ್ಲುವುದು ಆತುರ. ಪ್ರವಾಹ ಹಿಗ್ಗಿಸುವ ಭಾಗಕ್ಕೆ ವಿದ್ಯುತ್ ಒದಗಿಸುವ ಸಣ್ಣ ಸಲಕರಣೆ ಕೆಟ್ಟಿದ್ದರೂ ಇದೇ ಲಕ್ಷಣ. ಧಾರೆ ಇದೆ, ಸ್ಫಟಿಕದ ಕಂಪನವನ್ನು ಎಷ್ಟು ತಿದ್ದಿದರೂ ಮುಳ್ಳು ಏರಿಳಿಯುವುದಿಲ್ಲ ಎಂದರೆ ಸೂಕ್ಷ್ಮತರಂಗ ಒಳಗೆ ತಲುಪುತ್ತಿಲ್ಲವೆಂದು ಊಹಿಸಬೇಕು. ಎಷ್ಟೋ ಸಲ ಕೊನೆಗೆ ಸಿಕ್ಕುವ ಕಳ್ಳ ಅಗ್ಗದ ಕೆಪಾಸಿಟರು. ಐವತ್ತು ವರ್ಷ ಕಳೆದು ಒಣಗಿಹೋಗಿರುತ್ತದೆ. ಕೆಲವೊಮ್ಮೆ ಹಳೆಯ ಬ್ಯಾಟರಿ ಸೋರಿ ತಂತಿಗಳನ್ನು ತಿಂದಿರುತ್ತದೆ. ಮಹಾಯಂತ್ರದ ರೋಗ ಚಿಲ್ಲರೆಯದಾಗಿರುವುದನ್ನು ಕಂಡರೆ ಸಮಾಧಾನವೂ ಆಗುತ್ತದೆ, ನಗುವೂ ಬರುತ್ತದೆ.

ಎಲ್ಲವೂ ಸರಿಯಿದ್ದಾಗ ಸ್ಫಟಿಕವನ್ನು ಮೆಲ್ಲಗೆ ತಿದ್ದುತ್ತ ಹೋದರೆ ಮುಳ್ಳು ಏರಿ ಇಳಿಯುತ್ತದೆ: ನಡುವೆ ಎತ್ತರದ ಶಿಖರ, ಅಕ್ಕಪಕ್ಕದಲ್ಲಿ ತಗ್ಗಿನ ದಿಬ್ಬಗಳು. ಗಡಿಯಾರ ನಡುವಿನ ಶಿಖರವನ್ನೇ ಹಿಡಿಯಬೇಕು. ದಿಬ್ಬವನ್ನು ಹಿಡಿದರೂ ಎಲ್ಲವೂ ಕ್ಷೇಮವೆಂಬಂತೆ ತೋರಬಹುದು. ಆದರೆ ಅದು ಹೇಳುವ ಕಾಲ ಸುಳ್ಳು. ತನ್ನ ಮೇಲೆ ಪೂರ್ಣ ವಿಶ್ವಾಸವಿಟ್ಟುಕೊಂಡು ತಪ್ಪು ಹೇಳುವ ಗಡಿಯಾರಕ್ಕಿಂತ ನಿಂತ ಗಡಿಯಾರವೇ ಮೇಲು. ಆದುದರಿಂದ ಉಪಗ್ರಹಗಳಿಂದ ಬರುವ ಕಾಲಸಂಕೇತದೊಡನೆ ಅದನ್ನು ಹೋಲಿಸುತ್ತಾರೆ. ದಿನವೊಂದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದಂಶದೊಳಗೆ ವ್ಯತ್ಯಾಸ ನಿಂತರೆ ಹಳೆಯ 5061ಎ ಗುಣ ಹೊಂದಿತೆನ್ನಬಹುದು.

ನಮ್ಮ ಹಿರಿಯರ ಗಳಿಗೆ ಬಟ್ಟಲಿನ ತೂತಿಗೆ ಕಸ ಕಟ್ಟಿದರೆ ಕಡ್ಡಿಯಿಂದ ಬಿಡಿಸಿ ಮತ್ತೆ ನೀರಿನ ಮೇಲೆ ಬಿಡಬಹುದಾಗಿತ್ತು. ಸೀಸಿಯಂ ಕೊಳವೆಗೆ ಆ ಭಾಗ್ಯವಿಲ್ಲ. ಒಳಗಿರುವುದು ಕೆಲವೇ ಗ್ರಾಂ ಸೀಸಿಯಂ. ಗಡಿಯಾರ ನಡೆದಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ. ಮುಗಿದರೆ ಮನೆಯಲ್ಲಿ ತುಂಬುವ ಮಾತೇ ಇಲ್ಲ, ಹೊಸ ಕೊಳವೆಯ ಬೆಲೆ ಕೈಗೆಟುಕುವುದಿಲ್ಲ.

ಇಷ್ಟೆಲ್ಲ ತೊಂದರೆ ಏತಕ್ಕೆ ಎಂದು ಗೃಹಿಣಿಯರು ಕೇಳಿದರೆ ತಪ್ಪಿಲ್ಲ. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬವರು ಇಂಥ ನಾಲ್ಕು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಕೂರಿಸಿಕೊಂಡು ಭೂಮಿಯನ್ನು ಸುತ್ತಿದರು. ಪೂರ್ವಕ್ಕೆ ಸುತ್ತಿದಾಗ ಅವು ನೆಲದ ಗಡಿಯಾರಗಳಿಗಿಂತ 59 ನ್ಯಾನೋಸೆಕೆಂಡು ಹಿಂದೆ ಬಿದ್ದವು; ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೋಸೆಕೆಂಡು ಮುಂದೆ ಹೋದವು. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಐನ್‌ಸ್ಟೈನರ ಮಾತಿಗೆ ಗಡಿಯಾರಗಳು ಸಾಕ್ಷಿ ನುಡಿದವು. 2005ರಲ್ಲಿ ಅಮೆರಿಕದ ಹವ್ಯಾಸಿ ಟಾಮ್ ವ್ಯಾನ್ ಬಾಕ್ ಇದಕ್ಕಿಂತ ಹೊಸ ಮಾದರಿಯ ಮೂರು ಸೀಸಿಯಂ ಗಡಿಯಾರಗಳನ್ನೂ ತಮ್ಮ ಮೂವರು ಮಕ್ಕಳನ್ನೂ ಮನೆಯ ವಾಹನದಲ್ಲಿ ಕೂರಿಸಿಕೊಂಡು ರೇನಿಯರ್ ಪರ್ವತಕ್ಕೆ ಹೋದರು. ಬೆಟ್ಟದ ಮೇಲೆ ಎರಡು ದಿನದ ರಜೆ ಕಳೆದು ಹಿಂದಿರುಗಿ ನೋಡಿದರೆ, ಮನೆಯಲ್ಲುಳಿದ ಗಡಿಯಾರಗಳಿಗಿಂತ ಆ ಮೂರು ಸುಮಾರು 22 ನ್ಯಾನೋಸೆಕೆಂಡು ಮುಂದಿದ್ದವು. ಎತ್ತರದಲ್ಲಿ ಕಾಲ ಬೇಗ ಓಡುತ್ತದೆಂಬುದು ಒಂದು ಸಂಸಾರದ ಪ್ರವಾಸದಲ್ಲಿಯೇ ರುಜುವಾಯಿತು.

ಹೀಗಾಗಿ ಹಳೆಯ ಗಡಿಯಾರಕ್ಕೆ ಜೀವ ಬಂದ ದಿನ ಹವ್ಯಾಸಿಗೆ ಹೊಸದೊಂದು ಸಂಕಟ ಹುಟ್ಟುತ್ತದೆ. ನಡೆಸಿದರೆ ಸೀಸಿಯಂ ಸವೆಯುತ್ತದೆ. ನಿಲ್ಲಿಸಿಟ್ಟರೆ ಅನಿಲ ಮತ್ತೆ ಸೇರುತ್ತದೆ. ಹಲವರು ನಡುವಿನ ದಾರಿ ಹಿಡಿದಿದ್ದಾರೆ: ಒಲೆ ಆರಿಸಿ, ಪಂಪನ್ನು ಮಾತ್ರ ಚಾಲೂ ಇಟ್ಟು, ಅಳೆಯಬೇಕಾದುದೇನಾದರೂ ಒದಗಿದಾಗಷ್ಟೇ ಗಡಿಯಾರವನ್ನು ಎಬ್ಬಿಸುತ್ತಾರೆ. ಉಳಿದ ದಿನಗಳಲ್ಲಿ ಆ ಮನೆಯವರೂ ಹೊತ್ತು ನೋಡುವುದು ಗೋಡೆಯ ಗಡಿಯಾರದಲ್ಲಿಯೇ.