ಡಿಜಿಟಲ್ ಗಿಟಾರ್: ಮಾನಿಟರ್ ಕಡೆಗೂ ಗಮನವಿರಲಿ

ಗಿಟಾರ್ ವಾದಕರು ಭಾರದ ಆಂಪ್ಲಿಫೈಯರ್ ಹೊತ್ತು ತರುವ ಕಾಲ ಕಳೆಯುತ್ತಿದೆ. 2015ರಲ್ಲಿ ಬಂದ ಲೈನ್ 6 ಹೀಲಿಕ್ಸ್‌ನಂತಹ ಉಪಕರಣದಲ್ಲಿ ಆಂಪ್, ಸ್ಪೀಕರ್, ಎಫೆಕ್ಟ್ ಪೆಡಲ್‌ಗಳ ನಾದವೆಲ್ಲ ಒಂದೇ ಪೆಟ್ಟಿಗೆಯಲ್ಲಿದೆ. ಆದರೆ ಬೆನ್ನ ಹಿಂದಿನ ಆಂಪ್ ಹೋದ ಮೇಲೆ ನಮ್ಮ ಗಿಟಾರ್ ನಮಗೆ ಸರಿಯಾಗಿ ಕೇಳುವುದು ಮಾನಿಟರ್‌ನಿಂದ ಮಾತ್ರ.

ಮನೆಯಲ್ಲಿ ಮೆಲ್ಲಗೆ ನುಡಿಸಿ ಹೊಂದಿಸಿದ ನಾದ ವೇದಿಕೆಯಲ್ಲಿ ಗುಂಯ್‌ಗುಟ್ಟುತ್ತದೆ. ಧ್ವನಿ ಏರಿದಂತೆ ತಗ್ಗಿನ ಸ್ವರಗಳು ಕಿವಿಗೆ ಹೆಚ್ಚು ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ತೋರಿಸಿದ್ದರು. ಆದುದರಿಂದ ಅಭ್ಯಾಸದ ವೇಳೆ ಒಮ್ಮೆಯಾದರೂ ಇಡೀ ತಂಡದೊಂದಿಗೆ, ವೇದಿಕೆಯ ಧ್ವನಿಮಟ್ಟದಲ್ಲೇ ಹೊಂದಿಸಿಕೊಳ್ಳಬೇಕು.

ಎಕ್ಸ್‌ಎಲ್‌ಆರ್ ತಂತಿ ಸಭೆಯ ಮಿಕ್ಸರ್‌ಗೆ, ಕಾಲು ಇಂಚಿನ ಜ್ಯಾಕ್ ನಿಮ್ಮ ಮಾನಿಟರ್‌ಗೆ ಹೋಗಲಿ. ಹೀಲಿಕ್ಸ್‌ನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಗುಂಡಿಯನ್ನು ಜ್ಯಾಕ್‌ಗೆ ಮಾತ್ರ ಜೋಡಿಸಿದರೆ ನೀವು ಎಷ್ಟು ಏರಿಸಿದರೂ ಸಭೆಗೆ ಹೋಗುವ ಧ್ವನಿ ಬದಲಾಗದು. ಧ್ವನಿವರ್ಧಕದವರೊಂದಿಗಿನ ಅರ್ಧ ಜಗಳ ಅಲ್ಲಿಗೇ ಮುಗಿಯಿತು!

ಕಿವಿಯೊಳಗಿನ ಮಾನಿಟರ್ ಬಳಸುವವರು ಜಾಗ್ರತೆ ವಹಿಸಬೇಕು. ಅಮೆರಿಕದ ನಿಯೋಷ್ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ 8 ಗಂಟೆ ಕೇಳಬಹುದು. 100 ಡೆಸಿಬೆಲ್ ಆದರೆ ಬರೇ 15 ನಿಮಿಷ. ಜನರ ಚಪ್ಪಾಳೆ ಕೇಳಲೆಂದು ನಮ್ಮಲ್ಲಿ ಹಲವರು ಒಂದು ಕಿವಿಯದನ್ನು ತೆಗೆಯುತ್ತೇವೆ, ಮತ್ತೆ ಇನ್ನೊಂದರ ಧ್ವನಿ ಏರಿಸುತ್ತೇವೆ. ಹಾಗೆ ಹಾಳಾದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಎರಡನ್ನೂ ಹಾಕಿಕೊಂಡು, ಮಿಕ್ಸರ್‌ನಲ್ಲಿ ಲಿಮಿಟರ್ ಇರಿಸಲು ಮೊದಲೇ ಹೇಳಿಬಿಡಿ.