ಹೊಳಪು ಹೆಚ್ಚಿದರೆ ಬೆಲೆ ಹೆಚ್ಚುವುದೇ?

ಬೀರುವಿನ ಮೂಲೆಯಲ್ಲಿ ಅಜ್ಜನ ಕಾಲದ ವಾಚೊಂದು ಸಿಕ್ಕಿತೆನ್ನಿ. ಅದನ್ನು ಹೊಸದರಂತೆ ಮಾಡಿಸಬೇಕೆಂಬ ಆಸೆ ಯಾರಿಗೂ ಹುಟ್ಟುವಂಥದ್ದೇ. ಗೀರುಬಿದ್ದ ಕೇಸಿಗೆ ಪಾಲಿಶ್, ಮಾಸಿದ ಡಯಲಿಗೆ ಹೊಸ ಬಣ್ಣ, ತುಕ್ಕು ಹಿಡಿದ ಮುಳ್ಳುಗಳ ಜಾಗಕ್ಕೆ ಬೇರೆ ಮುಳ್ಳು. ಮಾರುವ ಮನಸ್ಸಿದ್ದರಂತೂ ಸಾವಿರ ರೂಪಾಯಿ ಖರ್ಚು ಮಾಡಿದರೆ ಹತ್ತು ಸಾವಿರ ಹೆಚ್ಚು ಬರುತ್ತದೆಂಬ ಲೆಕ್ಕ. ಹಳೆಯ ವಾಚುಗಳ ಸಂಗ್ರಾಹಕರ ನಡುವೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಹೊಸ ಬಣ್ಣದ ಡಯಲು ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು, ಮಾಸಿದ್ದರೂ ಮುಟ್ಟದೆ ಉಳಿದ ಡಯಲಿಗೆ ಪೈಪೋಟಿ ಬೀಳುತ್ತದೆ. ಶ್ರೀಮಂತರ ಹುಚ್ಚು ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನಾವು ವಾಚನ್ನು ಒಂದೋ ಗಂಟೆ ನೋಡುವ ಸಾಧನವೆಂದು, ಇಲ್ಲವೇ ಒಡವೆಯೆಂದು ಅಳೆಯುತ್ತೇವೆ. ಸಂಗ್ರಾಹಕ ಅಳೆಯುವುದು ದಾಖಲೆಯೆಂದು. ವಾಚುಗಳ ಬಗೆಗಿನ ನಮ್ಮ ಬಹುಪಾಲು ತಪ್ಪು ತಿಳಿವಳಿಕೆಗಳು ಈ ವ್ಯತ್ಯಾಸವನ್ನು ಗಮನಿಸದೆ ಹುಟ್ಟಿದವು.

ದುಬಾರಿ ವಾಚು ಹೆಚ್ಚು ನಿಖರವಾಗಿ ನಡೆಯುತ್ತದೆಂಬ ನಂಬಿಕೆಗೆ ಹೆಚ್ಚು ಮಾತು ಬೇಡ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಅಸ್ಟ್ರಾನ್ ಅನ್ನು ಮಾರುಕಟ್ಟೆಗೆ ತಂದಾಗಲೇ ಆ ವಾದ ಸೋತಿತು. ಇಂದಿನ ಸಾಮಾನ್ಯ ಕ್ವಾರ್ಟ್ಸ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ತಿಂಗಳಿಗೆ 15 ಸೆಕೆಂಡಿನಷ್ಟು ತಪ್ಪಿದರೆ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಪಾಸಾಗಿ ಕ್ರೋನೋಮೀಟರ್ ಪ್ರಮಾಣಪತ್ರ ಪಡೆದ ಯಾಂತ್ರಿಕ ವಾಚಿಗೆ ದಿನಕ್ಕೆ 4 ಸೆಕೆಂಡ್ ಹಿಂದೆ ಬೀಳಲು, 6 ಸೆಕೆಂಡ್ ಮುಂದೆ ಓಡಲು ಅನುಮತಿ ಉಂಟು. ಅಂದರೆ ಸಂತೆಯಲ್ಲಿ ಕೊಂಡ ಅಗ್ಗದ ವಾಚು ಲಕ್ಷಗಟ್ಟಲೆ ಬೆಲೆಯ ವಾಚಿಗಿಂತ ಸರಿಯಾದ ಹೊತ್ತು ತೋರಿಸುತ್ತದೆ. ಡಯಲಿನ ಮೇಲಿನ ‘17 ಜ್ಯುವೆಲ್ಸ್’ ಎಂಬ ಬರಹವನ್ನು ಓದಿ ಒಳಗೆ ರತ್ನಗಳಿವೆ ಎಂದು ಜೋಪಾನ ಮಾಡುವವರೂ ಇದ್ದಾರೆ. ಇರುವುದು ಮಾಣಿಕ್ಯವೇ, ಸುಳ್ಳಲ್ಲ. ಆದರೆ ಕುಲುಮೆಯಲ್ಲಿ ಬೆಳೆಸಿದ್ದು. ಅಂಥ ಮಾಣಿಕ್ಯ ತಯಾರಿಸುವ ವಿಧಾನವನ್ನು ಫ್ರಾನ್ಸಿನ ಓಗ್ಯುಸ್ತ್ ವೆರ್ನೋಯಿ 1902ರಲ್ಲಿ ಪ್ರಕಟಿಸಿದ ಮೇಲೆ ಆ ಕಲ್ಲುಗಳ ಬೆಲೆ ಚಿಲ್ಲರೆ ಕಾಸಿಗೆ ಇಳಿಯಿತು. ಚಕ್ರಗಳ ಅಚ್ಚುಗಳು ಸವೆಯದಂತೆ ಆಸರೆ ಕೊಡುವುದಷ್ಟೇ ಅವುಗಳ ಕೆಲಸ. ಕೀ ಕೊಡುವ ಸಾದಾ ವಾಚಿಗೆ ಹದಿನೇಳು ಸಾಕು. 1960ರ ದಶಕದಲ್ಲಿ ಕೆಲವರು 100 ಜ್ಯುವೆಲ್ ತುರುಕಿ ಜಾಹೀರಾತು ಮಾಡಿದ್ದುಂಟು, ಹೆಚ್ಚಿನವಕ್ಕೆ ಒಳಗೆ ಕೆಲಸವೇ ಇರಲಿಲ್ಲ.

ಚಿನ್ನದ ವಿಷಯದಲ್ಲಿ ನಮ್ಮ ನಂಬಿಕೆ ಇನ್ನೂ ಗಟ್ಟಿ. ಚಿನ್ನದ ಕೇಸಿಗೆ ಕರಗಿಸಿದರೂ ಬರುವ ಬೆಲೆ ಇದ್ದೇ ಇದೆ, ನಿಜ. ಸಂಗ್ರಾಹಕನ ಬೆಲೆ ಮಾತ್ರ ಅಲ್ಲಿಂದ ಶುರುವಾಗುವುದಿಲ್ಲ. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ 1941ರಲ್ಲಿ ಹೊರತಂದ 1518 ಎಂಬ ಮಾದರಿಯನ್ನು ನೋಡಿ. ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಾಕಿ ತಾರೀಖು ತೋರಿಸುವ, ಜೊತೆಗೆ ಸ್ಟಾಪ್‌ವಾಚಿನ ಕೆಲಸವನ್ನೂ ಮಾಡುವ ಆ ವಾಚುಗಳು ಒಟ್ಟು ತಯಾರಾದದ್ದು 281. ಬಹುಪಾಲು ಚಿನ್ನದವು. ಅಷ್ಟು ಹಣ ತೆರುವ ಗಿರಾಕಿ ಆಗ ಚಿನ್ನವನ್ನೇ ಕೇಳುತ್ತಿದ್ದ. ಸ್ಟೀಲಿನವು ನಾಲ್ಕೇ ನಾಲ್ಕು ಬೆಳಕಿಗೆ ಬಂದಿವೆ. ಅವುಗಳಲ್ಲೊಂದು 2016ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಅದೇ ಮಾದರಿಯ ಚಿನ್ನದ ವಾಚುಗಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆಗೆ ಹೋಗುತ್ತವೆ. ಹಳೆಯದಾದಷ್ಟೂ ಬೆಲೆ ಎಂಬ ನಂಬಿಕೆಗೆ ಉತ್ತರ ನಮ್ಮಲ್ಲೇ ಇದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿ ಮುಂದಿನ ದಶಕಗಳಲ್ಲಿ ಕೋಟಿಗಟ್ಟಲೆ ವಾಚು ಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಾಗ, ಇನ್ನು ಮನೆಯಲ್ಲಿರುವ ಜನತಾ ವಾಚಿಗೆ ಚಿನ್ನದ ಬೆಲೆ ಬರುತ್ತದೆಂದು ಕಾದವರು ಬಹಳ. ಊರೂರಲ್ಲಿ ಸಿಗುವ ವಾಚು ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಅಪರೂಪವಾಗುವುದಿಲ್ಲ.

ನಿಖರತೆ, ಕಲ್ಲು, ಚಿನ್ನ, ವಯಸ್ಸು ಇವೆಲ್ಲವನ್ನೂ ಬದಿಗಿಟ್ಟರೆ ಉಳಿಯುವುದು ಈ ಒಂದು ಪ್ರಶ್ನೆ: ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ವಾಚು ಇದೇನಾ? ಪಾಲಿಶ್ ಈ ಪ್ರಶ್ನೆಗೆ ಸಿಗಬಹುದಾದ ಉತ್ತರವನ್ನು ಅಳಿಸುತ್ತದೆ. ಗೀರು ಹೋಗಬೇಕಾದರೆ ಗೀರಿನ ಆಳದವರೆಗೆ ಲೋಹ ಹೋಗಬೇಕು. ಪಟ್ಟಿ ಸಿಕ್ಕಿಸುವ ಕೊಂಬುಗಳ ಚೂಪು ಅಂಚು ದುಂಡಗಾಗುತ್ತದೆ, ಹಿಂಬದಿಯ ನಂಬರು ಮಸುಕಾಗುತ್ತದೆ, ಹೋದ ಲೋಹವನ್ನು ಮತ್ತೆ ತುಂಬುವುದು ಸುಲಭವಲ್ಲ. ಡಯಲಿನದು ಇನ್ನೂ ಸೂಕ್ಷ್ಮ. ಮರುಬಣ್ಣದಲ್ಲಿ ಅಕ್ಷರಗಳ ದಪ್ಪ ಏರುಪೇರಾಗುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂರುವುದಿಲ್ಲ, ಆರರ ಕೆಳಗಿನ ಪುಟ್ಟ ‘ಸ್ವಿಸ್’ ಎಂಬ ಬರಹ ಎಷ್ಟೋ ಸಲ ಮಾಯವಾಗಿರುತ್ತದೆ. ಎಚ್‌ಎಂಟಿ ಪೈಲಟ್ ಹೆಸರಿನಲ್ಲಿ ಕಿತ್ತಳೆ, ನೀಲಿ ಎಂದು ಕಣ್ಣು ಕುಕ್ಕುವ ಡಯಲುಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಎಷ್ಟೋ ಬಣ್ಣಗಳನ್ನು ಕಾರ್ಖಾನೆ ಕಂಡದ್ದೇ ಇಲ್ಲ. ಹಳೆಯ ಕ್ರಯಪತ್ರದ ಮಾಸಿದ ಅಕ್ಷರಗಳ ಮೇಲೆ ಹೊಸ ಶಾಯಿಯಿಂದ ತಿದ್ದಿದವನ ಕೆಲಸವೇ ಇದು: ಓದಲು ಚೆನ್ನ, ಸಾಕ್ಷಿಗೆ ಬಾರದು. ಕತ್ತಲಲ್ಲಿ ಬೆಳಗುವ ಅಂಕಿಗಳೂ ಸಾಕ್ಷಿ ಹೇಳುತ್ತವೆ. 1960ರ ದಶಕದಿಂದ ರೇಡಿಯಂ ಬದಲಿಗೆ ಬಳಕೆಗೆ ಬಂದ ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅರವತ್ತು ವರ್ಷ ಕಳೆದರೆ ನೂರರಲ್ಲಿ ನಾಲ್ಕು ಪಾಲೂ ಉಳಿದಿರುವುದಿಲ್ಲ. ಆ ಕಾಲದ ವಾಚು ಇಂದು ರಾತ್ರಿಯಿಡೀ ಝಗಝಗಿಸಿದರೆ, ನಂತರ ಯಾರೋ ಹೊಸ ಲೇಪ ಹಚ್ಚಿದ್ದಾರೆ ಎಂದೇ ಅರ್ಥ.

ದಾಖಲೆಯಾಗಿ ನೋಡಿದರೆ ದೋಷಗಳ ಲೆಕ್ಕವೂ ಬದಲಾಗುತ್ತದೆ. ವಾಚಿನ ಹಿಂಬದಿಯಲ್ಲಿ ಹೆಸರು ಕೆತ್ತಿಸಿದ್ದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟ ರೋಲೆಕ್ಸ್ ಡೇಟೋನಾದ ಹಿಂದೆಯೂ ಕಾರು ಜೋಪಾನವಾಗಿ ಓಡಿಸು ಎಂಬರ್ಥದ ಕೆತ್ತನೆಯಿತ್ತು. ಆ ವಾಚಿನಲ್ಲಿದ್ದಂಥ ಡಯಲಿನ ಡೇಟೋನಾಗಳು ಆಗ ಅಂಗಡಿಗಳಲ್ಲಿ ಮಾರಾಟವಾಗದೆ ಕೊಳೆಯುತ್ತಿದ್ದವು. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅದೇ ವಾಚು 1 ಕೋಟಿ 77 ಲಕ್ಷ ಡಾಲರ್ ತಂದಿತು. ಸಾಧಾರಣವಾಗಿ ಬೆಲೆ ಇಳಿಸುವ ಕೆತ್ತನೆ ಅಲ್ಲಿ ಒಡೆತನದ ಪುರಾವೆಯಾಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಅಸಲಿತನದ ಈ ಆರಾಧನೆಯನ್ನು ಹರಾಜು ಸಂಸ್ಥೆಗಳೇ ಬೆಳೆಸಿದ್ದಲ್ಲವೇ, ಮಾಸಿದ್ದಕ್ಕೆ ಬೆಲೆ ಬಂದರೆ ಮಾಸಿಸುವವರೂ ಹುಟ್ಟುವುದಿಲ್ಲವೇ? ಹುಟ್ಟಿದ್ದಾರೆ. 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಎಂದು ತೋರಿಸಿದ, ಕಪ್ಪು ಡಯಲು ಕಂದಿ ಕಂದುಬಣ್ಣಕ್ಕೆ ತಿರುಗಿದ್ದ ವಾಚೊಂದು 2021ರ ನವೆಂಬರಿನಲ್ಲಿ ಜಿನೀವಾದಲ್ಲಿ 31 ಲಕ್ಷ ಫ್ರಾಂಕಿಗೂ ಹೆಚ್ಚಿಗೆ ಹರಾಜಾಯಿತು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂಗಾಗಿ. 2023ರಲ್ಲಿ ನೋಡಿದರೆ ಅದು ಬೇರೆ ಬೇರೆ ವಾಚುಗಳ ಬಿಡಿಭಾಗ ಜೋಡಿಸಿ ಕಟ್ಟಿದ್ದು. ತನ್ನದೇ ಮೂವರು ಮಾಜಿ ನೌಕರರ ಕೈವಾಡವಿದೆ ಎಂದು ಕಂಪನಿ ಹೇಳಿತು. ಈ ಪ್ರಕರಣ ಮಾರುಕಟ್ಟೆಯ ಮರ್ಯಾದೆ ಕಳೆಯಿತು, ಸರಿ. ವಾದವನ್ನು ಮಾತ್ರ ಅದು ಬಲಪಡಿಸುತ್ತದೆ. ಡಯಲು ಅದೇ ಬಣ್ಣದ್ದು, ಯಂತ್ರ ನಡೆಯುತ್ತಲೇ ಇತ್ತು, ನೋಡಲು ಒಂದಿಷ್ಟೂ ಬದಲಾಗಿರಲಿಲ್ಲ. ಭಾಗಗಳು ಒಟ್ಟಿಗೆ ಹುಟ್ಟಿದವಲ್ಲ ಎಂದು ತಿಳಿದೊಡನೆ ಆ ಬೆಲೆಗೆ ಆಧಾರವೇ ಉಳಿಯಲಿಲ್ಲ. ಅಂದಮೇಲೆ ಮಾಸಿದ ಬಣ್ಣಕ್ಕೇ ಹಣ ಸುರಿಯುವವರನ್ನು ನಾನು ಜಾಣರೆನ್ನಲಾರೆ. ಬಣ್ಣವೂ ಒಂದು ಹೇಳಿಕೆ, ಅದನ್ನೂ ಪರೀಕ್ಷಿಸಬೇಕು.

ಹಾಗಾದರೆ ಹಳೆಯ ವಾಚನ್ನು ರಿಪೇರಿಯೇ ಮಾಡಿಸಬಾರದೇ? ಮಾಡಿಸಲೇಬೇಕು. ಒಳಗಿನ ಎಣ್ಣೆ ವರ್ಷಗಳಲ್ಲಿ ಗಟ್ಟಿಯಾಗುತ್ತದೆ. ಒಣಗಿದ ಅಚ್ಚುಗಳ ಮೇಲೆ ವಾಚು ಓಡಿದರೆ ಅಸಲಿ ಭಾಗಗಳೇ ಸವೆಯುತ್ತವೆ. ಬಿಚ್ಚಿ ತೊಳೆದು ಎಣ್ಣೆ ಹಾಕಿಸುವುದು ಸಂರಕ್ಷಣೆ, ಬಣ್ಣ ಬಳಿಸುವುದು ತಿದ್ದುಪಡಿ. ಮಾರುವ ಯೋಚನೆಯಿಲ್ಲದೆ ಅಪ್ಪನ ವಾಚನ್ನು ದಿನಾ ಕಟ್ಟಿಕೊಳ್ಳುವವರಿಗೆ ಹೊಳಪೇ ಇಷ್ಟವಾದರೆ ಅದು ಅವರ ಹಕ್ಕು. ಉಳಿದವರು ರಿಪೇರಿಗೆ ಕೊಡುವಾಗಲೇ ಪಾಲಿಶ್ ಬೇಡವೆಂದು ಬರೆಸಿ, ತೆಗೆದ ಹಳೆಯ ಭಾಗಗಳನ್ನೆಲ್ಲ ವಾಪಸು ಕೇಳಬೇಕು. ಕಂಪನಿಗಳ ಅಧಿಕೃತ ಸರ್ವೀಸ್ ಕೇಂದ್ರಗಳೇ ಒಂದು ಕಾಲದಲ್ಲಿ ಹಳೆಯ ಡಯಲು, ಮುಳ್ಳು ತೆಗೆದು ಹೊಸದನ್ನು ಹಾಕಿ ಉಪಕಾರ ಮಾಡಿದೆವೆಂದುಕೊಂಡಿದ್ದವು. ಇನ್ನು, 1960ಕ್ಕಿಂತ ಹಿಂದಿನ ಬೆಳಗುವ ಅಂಕಿಗಳ ವಾಚನ್ನು ಮನೆಯಲ್ಲಿ ಬಿಚ್ಚಿ ಕೆರೆಯುವ ಸಾಹಸ ಬೇಡ. ಬೆಳಕು ನಿಂತಿರುವುದು ರೇಡಿಯಂ ಮುಗಿದದ್ದರಿಂದಲ್ಲ, ಲೇಪದಲ್ಲಿನ ಸತುವಿನ ಸಲ್ಫೈಡ್ ಕೆಟ್ಟದ್ದರಿಂದ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು, ಕೆರೆದ ಪುಡಿ ಉಸಿರಿನೊಂದಿಗೆ ಒಳಹೋದರೆ ಅಪಾಯ.